ಟಾಮಿಗೆ ಕನ್ನಡ

ಬಳ್ಳಾರಿಯ ಕೌಲ್ ಬಜಾರಿನ ಬೀದಿನಾಯಿಗೆ ಮೂರು ಭಾಷೆ ಬರುತ್ತವೆ. ಕನ್ನಡದ 'ಹಚಾ', ತೆಲುಗಿನ 'ಪೋ', ಉರ್ದುವಿನ 'ಚಲ್ ಹಟ್', ಯಾವುದು ಕಿವಿಗೆ ಬಿದ್ದರೂ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತದೆ. ಸಾಕಿದ ನಾಯಿಗೆ ಮಾತ್ರ ಬರೀ ಇಂಗ್ಲಿಷ್. ಹಾಲಿನವನ ಹತ್ತಿರ ತೆಲುಗು, ಹೆಂಡತಿ ಹತ್ತಿರ ಕನ್ನಡ ಆಡುವವರೂ ಲ್ಯಾಬ್ರಡಾರ್ ಕಂಡರೆ 'ಸಿಟ್, ಸ್ಟೇ' ಅನ್ನುತ್ತಾರೆ. ಯಾಕೋ ಗೊತ್ತಿಲ್ಲ, ನಾನೂ ಹಾಗೇ.

ಸಿರುಗುಪ್ಪದಿಂದ ನಮ್ಮ ಅತ್ತೆ ಬರುವವರೆಗೆ ಇದರಿಂದ ಏನೂ ತೊಂದರೆ ಇರಲಿಲ್ಲ. ರೊಟ್ಟಿ ಹಿಡಿದು 'ಕುಂದ್ರಲೇ' ಅಂದರು. ಟಾಮಿ ಬಾಲ ಅಲ್ಲಾಡಿಸಿದ. ಗದರಿದರು. ಇನ್ನೂ ಜಾಸ್ತಿ ಅಲ್ಲಾಡಿಸಿದ. 'ಇಷ್ಟು ರೊಕ್ಕ ಸುರುವಿ ಕಲಿಸಿದ್ದು ಇದನ್ನೇನು?' ಅಂತ ರೊಟ್ಟಿ ಎತ್ತಿಟ್ಟರು.

ನಾಯಿಗೆ ಹೊಸ ಭಾಷೆ ಕಲಿಸುವುದು ಕಷ್ಟವಲ್ಲ, ಕ್ರಮ ತಪ್ಪಬಾರದು ಅಷ್ಟೇ. ಮೊದಲು ಹೊಸ ಮಾತು, ಒಂದು ಗಳಿಗೆ ಬಿಟ್ಟು ಹಳೆಯದು. ಕೂತ ಕೂಡಲೇ ತಿನ್ನಲು ಏನಾದರೂ. ಹಿಂದುಮುಂದಾದರೆ ಕೆಟ್ಟಿತು: 'ಸಿಟ್'ಗೇ ಕೂತುಬಿಟ್ಟ ನಾಯಿಗೆ ಆಮೇಲಿನ 'ಕುಂದ್ರು' ಸುಮ್ನೆ ಒಂದು ಸದ್ದು. ಸರಿಯಾಗಿ ಹೇಳುತ್ತಾ ಹೋದರೆ ಮುಂದೇನು ಬರುತ್ತದೆಂದು ಅದಕ್ಕೇ ಗೊತ್ತಾಗಿ 'ಸಿಟ್' ಬರುವ ಮೊದಲೇ ಕೂರುತ್ತದೆ. ಕೈಸನ್ನೆ ಜೊತೆಗಿದ್ದರೆ ಇನ್ನೂ ಸಲೀಸು. ನಾಯಿ ಮಾತಿಗಿಂತ ಕೈಯನ್ನೇ ನೋಡುತ್ತದೆ. ರೊಟ್ಟಿ ಇರುವುದು ಅಲ್ಲೇ ಅಲ್ವಾ?

ಟಾಮಿಗೆ ವಯಸ್ಸಾಯಿತು, ಇನ್ನೆಲ್ಲಿ ಕಲಿಯುತ್ತಾನೆ ಅಂತ ಮನೆಯಲ್ಲಿ ಅನುಮಾನ. ಬುಡಾಪೆಸ್ಟ್‌ನ ವಿಜ್ಞಾನಿಗಳು 18 ನಾಯಿಗಳನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಹಂಗೇರಿಯನ್, ಸ್ಪ್ಯಾನಿಷ್ ಎರಡನ್ನೂ ಕೇಳಿಸಿದ್ದರು. 2022ರಲ್ಲಿ ಬಂದ ವರದಿಯ ಪ್ರಕಾರ, ಮನೆಯಲ್ಲಿ ಕೇಳಿದ ಭಾಷೆ ಯಾವುದು, ಹೊಸದು ಯಾವುದು ಎಂದು ಅವುಗಳ ಮಿದುಳು ಬೇರೆ ಮಾಡುತ್ತದೆ. ವಯಸ್ಸಾದ ನಾಯಿಗಳಲ್ಲಿ ಆ ವ್ಯತ್ಯಾಸ ಇನ್ನೂ ಸ್ಪಷ್ಟ. ಇದನ್ನು ಹೇಳಿದಾಗ ಅತ್ತೆ, 'ಅದಕ್ಕ ಮಷೀನು ಯಾಕ?' ಅಂದರು.

ನಿಜವಾದ ತಾಪತ್ರಯ ಮನೆಯವರದು. ನನ್ನದು 'ಕೂತ್ಕೋ', ಅತ್ತೆಯದು 'ಕುಂದ್ರು', ಹೆಂಡತಿಯದು 'ಕೂಡು', ಮಗನದು ಇನ್ನೂ 'ಸಿಟ್'. ನಾಯಿಗೆ ಒಂದು ಕೆಲಸಕ್ಕೆ ಒಂದು ಮಾತು ಸಾಕು, ನಮಗೆ ಸಾಲುವುದಿಲ್ಲ. ಕೊನೆಗೆ ರೊಟ್ಟಿ ಯಾರ ಕೈಯಲ್ಲಿದೆಯೋ ಅವರ ಮಾತು ಗೆದ್ದಿತು.

ಈಗ ಮಗನ ತಕರಾರು. 'ಸಿಟ್' ಅಂದರೆ ಟಾಮಿ ಈಗಲೂ ಕೂರುತ್ತಾನೆ, ಆದರೆ ಮೊದಲು ಅಡುಗೆಮನೆ ಕಡೆ ತಿರುಗಿ ಅತ್ತೆ ಏನನ್ನುತ್ತಾರೆ ಅಂತ ನೋಡಿಕೊಂಡು.