ಕ್ಯೂ ಅರಮನೆಯ ಇಟ್ಟಿಗೆಗೆ ಬಣ್ಣ ಬಳಿದದ್ದೇ ಸರಿ

ಲಂಡನ್ನಿನ ಕ್ಯೂ ಗಾರ್ಡನ್ಸ್‌ಗೆ ಹೋದವರು ಗಾಜಿನ ಮನೆಗಳನ್ನು ನೋಡಿಕೊಂಡು ಬಂದುಬಿಡುತ್ತಾರೆ. ಅದೇ ತೋಟದಲ್ಲಿ, ಥೇಮ್ಸ್ ನದಿಯ ಹತ್ತಿರ, ಮೂರಂತಸ್ತಿನ ಕೆಂಪು ಇಟ್ಟಿಗೆ ಮನೆಯೊಂದಿದೆ. ಕ್ಯೂ ಅರಮನೆ ಅನ್ನುತ್ತಾರೆ. ಆದರೆ ಕಟ್ಟಿಸಿದ್ದು ರಾಜನಲ್ಲ, ಸ್ಯಾಮ್ಯುಯೆಲ್ ಫೋರ್ಟ್ರಿ ಎಂಬ ವ್ಯಾಪಾರಿ, 1631ರಲ್ಲಿ. ಮೂರನೇ ಜಾರ್ಜ್ ದೊರೆಯ ಸಂಸಾರ ಬಂದದ್ದು ಆಮೇಲೆ.

ಈ ಮನೆ ನೋಡಿದ ಕೆಲವರು, "ಅಷ್ಟು ಹಳೇ ಇಟ್ಟಿಗೆಗೆ ಬಣ್ಣ ಯಾಕೆ ಬಳಿದರು? ಹಾಗೇ ಬಿಡಬೇಕಿತ್ತು" ಅನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ.

ಮೊದಲು ಗೋಡೆಯ ಹತ್ತಿರ ಹೋಗಿ ನಿಲ್ಲಿ. ಒಂದೇ ಸಾಲಿನಲ್ಲಿ ಒಂದು ಇಟ್ಟಿಗೆ ಉದ್ದಕ್ಕೆ, ಪಕ್ಕದ್ದು ಅಡ್ಡಕ್ಕೆ, ಮತ್ತೆ ಉದ್ದಕ್ಕೆ. ಇಟ್ಟಿಗೆ ಜೋಡಿಸುವ ಈ ಕ್ರಮವೇ ಫ್ಲೆಮಿಷ್ ಬಾಂಡ್, ಅಂದರೆ ಫ್ಲಾಂಡರ್ಸ್ (ಈಗಿನ ಬೆಲ್ಜಿಯಂ ಸುತ್ತಮುತ್ತಲ ನಾಡು) ಹೆಸರಿನ ಜೋಡಣೆ. ಇಂಗ್ಲೆಂಡಿನಲ್ಲಿ ಆಗಿನ್ನೂ ಹೊಸದು. ಫೋರ್ಟ್ರಿ ಮನೆತನದ ಮೂಲವೂ ಫ್ಲಾಂಡರ್ಸ್ ಕಡೆಯದೇ. ಬಾಗಿಲ ಮೇಲೆ ನೋಡಿ: ಇಟ್ಟಿಗೆಯಲ್ಲೇ ಕೆತ್ತಿದ 1631, ಜೊತೆಗೆ ಅವನ ಮತ್ತು ಹೆಂಡತಿ ಕ್ಯಾಥರೀನಳ ಹೆಸರಿನ ಮೊದಲ ಅಕ್ಷರಗಳು, ಗಂಟು ಹಾಕಿಕೊಂಡ ಹಾಗೆ. ಕಲ್ಲಲ್ಲ, ಇಟ್ಟಿಗೆ! ಅದನ್ನು ಕಡಿದು, ಉಜ್ಜಿ ಈ ರೂಪಕ್ಕೆ ತಂದ ಕೈಗಳನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ.

ಈ ಕೆಲಸ ಮಾಡಿದವರೇ ಗೋಡೆಯನ್ನು ಬರಿದಾಗಿ ಬಿಟ್ಟಿರಲಿಲ್ಲ. ಹಳೇ ಬಣ್ಣದ ಚೂರುಪಾರು ಉಳಿದಿತ್ತು. 2006ರಲ್ಲಿ ಮನೆ ಮತ್ತೆ ತೆರೆಯುವ ಮೊದಲು ನಡೆದ ದೊಡ್ಡ ರಿಪೇರಿಯಲ್ಲಿ ಅದನ್ನೇ ನೋಡಿಕೊಂಡು ಸುಣ್ಣಕ್ಕೆ ಕೆಮ್ಮಣ್ಣು ಬೆರೆಸಿ ಬಳಿದರು. ನಮ್ಮ ದೇವಸ್ಥಾನದ ಗೋಡೆಗೆ ಬಳಿಯುವುದೂ ಇವೆರಡನ್ನೇ ಅಲ್ವಾ? ಸುಣ್ಣದ ಬಳಿತ ಗೋಡೆಯ ತೇವವನ್ನು ಹೊರಗೆ ಹೋಗಲು ಬಿಡುತ್ತದೆ, ಮಳೆಯ ಹೊಡೆತವನ್ನು ತಾನು ತಿನ್ನುತ್ತದೆ. ಹಳೇ ಇಟ್ಟಿಗೆ ಮೆದು. ಅದಕ್ಕೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆಯ ಮುಖವೇ ಉದುರುತ್ತದೆ. ಬಣ್ಣ ಕೂಡದು ಅನ್ನುವವರು ಕೇಳುತ್ತಿರುವುದು ಹಳೇ ಮನೆಯನ್ನಲ್ಲ, ಈಗಿನ ಫ್ಯಾಷನ್ನನ್ನು.

ಹಾಗಂತ ಎಲ್ಲವನ್ನೂ ಹೊಸದು ಮಾಡಿ ಅನ್ನುತ್ತಿಲ್ಲ. ಮೂರನೇ ಜಾರ್ಜನ ಹೆಂಡತಿ ರಾಣಿ ಷಾರ್ಲೆಟ್ 1818ರಲ್ಲಿ ಇದೇ ಮನೆಯಲ್ಲಿ ತೀರಿಕೊಂಡಳು. ಆಮೇಲೆ ರಾಜಕುಮಾರಿಯರ ಮೇಲಂತಸ್ತಿನ ಕೋಣೆಗಳನ್ನು ಯಾರೂ ಹೆಚ್ಚಾಗಿ ಮುಟ್ಟಲಿಲ್ಲ. ರಿಪೇರಿಯವರೂ ಅವನ್ನು ಸಿಂಗರಿಸದೆ ಹಾಗೇ ಬಿಟ್ಟರು. ಅದೂ ಸರಿಯೇ. ಅಲ್ಲಿ ಮಳೆ ಹೊಡೆಯುವುದಿಲ್ಲ, ಅಳಿದುಳಿದದ್ದೇ ಬೇಕಾದಷ್ಟು ಹೇಳುತ್ತದೆ. ಹೋದರೆ ಮೆಟ್ಟಿಲು ಹತ್ತದೆ ವಾಪಸ್ ಬರಬೇಡಿ.