ಲೇಕ್ ವ್ಯೂ ಅಂದಿದ್ರು, ಕೆರೆನೇ ಕಾರ್ ಪಾರ್ಕಿಂಗಿಗೆ ಬಂದಿದೆ

ಬೆಳಗಿನ ಜಾವ 4 ಗಂಟೆಗೆ ಮತ್ತೆ ವಾಚ್‌ಮನ್ ಫೋನು. "ಸಾರ್, ಮೋಟಾರು ನಿಂತೋಗಿದೆ, ಲಿಫ್ಟ್ ಗುಂಡೀಲಿ ನೀರು." ಮಳೆ ನಿಂತು ಎಂಟು ದಿನ ಆಯ್ತು ಸ್ವಾಮಿ! ಇದು ನೆಲದೊಳಗಿನ ಒರತೆ. ಲುಂಗಿ ಎತ್ತಿ ಕಟ್ಟಿ ಬೇಸ್‌ಮೆಂಟ್ ಪಾರ್ಕಿಂಗಿಗೆ ಇಳಿದರೆ ಪಾದ ಮುಳುಗುವಷ್ಟು ನೀರು, ಮೇಲೆ ಯಾರದೋ ಸ್ಕೂಟರಿನ ಆಯಿಲ್ ತೇಲ್ತಿದೆ.

ಬೆಂಗಳೂರಿನ ವರ್ತೂರು ಕೆರೆ ಕಡೆಯ ಅಪಾರ್ಟ್‌ಮೆಂಟು ನಮ್ಮದು. ಕೆರೆ ಕಾಣುತ್ತೆ ಅಂತ ಚದರಡಿಗೆ ಹೆಚ್ಚಿಗೆ ಕಿತ್ತುಕೊಂಡ ಬಿಲ್ಡರ್, ಕೆರೆ ಪಕ್ಕ 10 ಅಡಿ ಅಗೆದರೆ ನೀರು ಬರುತ್ತೆ ಅನ್ನೋದು ಮಾತ್ರ ಅವನಿಗೆ ಗೊತ್ತಿರಲಿಲ್ವಂತೆ.

ಮೂರು ಸಲ "ರಿಪೇರಿ" ಆಯ್ತು. ಮೂರು ಸಲವೂ ಅದೇ: ಒಳಗಿನ ಗೋಡೆಗೆ ಕೆಮಿಕಲ್ ಬಳಿಯೋದು, ಫೋಟೋ ಹೊಡೆಯೋದು, ಹೋಗೋದು. ಎರಡು ತಿಂಗಳಿಗೆ ಅದು ಹಪ್ಪಳದ ಹಾಗೆ ಉಬ್ಬಿ ಉದುರುತ್ತೆ. ಉದುರದೆ ಇನ್ನೇನು? ಗೋಡೆಯಾಚೆ 3 ಮೀಟರ್ ನೀರು ನಿಂತರೆ ಬುಡದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 3 ಟನ್ ಒತ್ತಡ. ಅದನ್ನು ಪೇಂಟು ತಡೆಯುತ್ತಾ? ನೀರಿಗೆ ದಾರಿ ಕೊಡಬೇಕು. ಪಾಯದ ಸುತ್ತ ತೂತಿನ ಪೈಪು, ಸುತ್ತಲೂ ಜೆಲ್ಲಿಕಲ್ಲು, ಮಣ್ಣು ನುಗ್ಗದ ಹಾಗೆ ಬಟ್ಟೆ, ಇಳಿಜಾರು ಕೊಟ್ಟು ಒಂದು ಸಂಪ್ ಗುಂಡಿಗೆ ಬಿಡೋದು, ಅಲ್ಲಿಂದ ಪಂಪು. ಗುಂಡಿ ತೋಡಿದಾಗಲೇ ಹಾಕಿದ್ದರೆ ಸುಲಭದಲ್ಲಿ ಮುಗೀತಿತ್ತು. ಈಗ ಅಗೆಯೋಣ ಅಂದರೆ ಪಕ್ಕದ ಕಾಂಪೌಂಡಿಗೂ ನಮ್ಮ ಗೋಡೆಗೂ ಮಧ್ಯೆ ಒಬ್ಬ ಮನುಷ್ಯ ಅಡ್ಡಡ್ಡ ನಡೆಯೋಷ್ಟು ಜಾಗ.

ಮನೆ ಕೊಳ್ಳೋರನ್ನ ಕಾಯೋ ರೇರಾ ಕಾನೂನಿನಲ್ಲಿ ಇದೆ: ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷ ತೋರಿಸಿದರೆ 30 ದಿನದಲ್ಲಿ ಬಿಲ್ಡರೇ ಸ್ವಂತ ಖರ್ಚಲ್ಲಿ ಸರಿಮಾಡಬೇಕು. ಕಾಗದ ಕಳಿಸಿದೆವು. ಬಂದ ಉತ್ತರ, "ಇದು ದೋಷವಲ್ಲ, ಪ್ರಕೃತಿ." ನಮ್ಮ ನಾಲ್ಕನೇ ವರ್ಷ ಮುಗೀತಾ ಬಂತು. ಅವನು ಎಣಿಸ್ತಾ ಕೂತಿರೋದೂ ಅದನ್ನೇ.

ಹೊಟ್ಟೆ ಉರಿಯೋದು ಇದಕ್ಕೆ: 2024ರ ಬೇಸಿಗೆಯಲ್ಲಿ ನಮ್ಮ ಬೋರ್ ಬತ್ತಿತ್ತು, ಬೇಸ್‌ಮೆಂಟು ಬತ್ತಲಿಲ್ಲ. ಬೋರಿನದು ಆಳದ ಬಂಡೆ ಸಂದಿಯ ನೀರು, ಇದು ಕೆರೆಯಿಂದ ಮೇಲ್ಮಣ್ಣಿನಲ್ಲಿ ಹರಿದು ಬರೋದು. ಟೆಸ್ಟ್ ಮಾಡಿಸಿ, ಗಿಡಕ್ಕೆ, ಫ್ಲಶ್‌ಗಾದರೂ ಬಳಸೋಣ ಅಂದೆ. "ಬೇರೆ ಪೈಪ್ ಲೈನ್ ಎಳೀಬೇಕಲ್ಲಾ, ಬಜೆಟ್ ಇಲ್ಲ" ಅಂದರು ಟ್ರೆಷರರ್ ಸಾಹೇಬರು. ಟ್ಯಾಂಕರಿಗೆ ಬಜೆಟ್ ಇತ್ತು!

ಇವತ್ತೂ ಗೇಟಲ್ಲಿ ಟ್ಯಾಂಕರ್ ರಿವರ್ಸ್ ತಗೊಳ್ತಿತ್ತು. ಅದರ ಚಕ್ರದ ಪಕ್ಕದಲ್ಲೇ ನಮ್ಮ ಪಂಪಿನ ಪೈಪು ಭರ್ರಂತ ಮೋರಿಗೆ ಸುರೀತಿತ್ತು. "ಒಳ್ಳೆ ನೀರಿದೆಯಲ್ಲಾ ಸಾರ್ ನಿಮ್ಮಲ್ಲಿ" ಅಂದ ಡ್ರೈವರ್, ಬಿಲ್ಲು ಕೈಗಿಡ್ತಾ.