ಪರ-ವಿರೋಧ: ಸಮಾಜ ವಿಜ್ಞಾನವೂ ನಿಸರ್ಗ ವಿಜ್ಞಾನದಷ್ಟೇ ಗಟ್ಟಿ ಓದೇ?

ಪರ: ಥರ್ಮಾಮೀಟರಿಗೆ ಮುಲಾಜು ಇರುವುದಿಲ್ಲ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನಮ್ಮ ಕಡೆ ಎಲ್ಲ ಮನೆಯಲ್ಲೂ ಒಂದೇ ಲೆಕ್ಕ. ಮಾರ್ಕ್ಸ್ ಜಾಸ್ತಿ ಬಂದರೆ ಸೈನ್ಸ್. ಸುಮಾರಾಗಿ ಬಂದರೆ ಕಾಮರ್ಸ್. ಹೇಗೋ ಪಾಸಾಗಿದ್ದರೆ ಆರ್ಟ್ಸ್. ನನಗೆ 88 ಪರ್ಸೆಂಟ್ ಬಂದಿತ್ತು. ನಾನು ಎಚ್‌ಇಪಿಎಸ್ ತಗೊಂಡೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಅಡ್ಮಿಷನ್ ಕೌಂಟರಿನಲ್ಲಿ ಕೂತಿದ್ದವರು ಮಾರ್ಕ್ಸ್ ಕಾರ್ಡ್ ನೋಡಿ ಫಾರಂ ವಾಪಸ್ ಕೊಟ್ಟರು. "ತಪ್ಪು ತುಂಬಿದ್ದೀಯಲ್ಲಮ್ಮ, ಸೈನ್ಸ್ ಅಲ್ವಾ?" ಅಂದರು. ಹದಿನೆಂಟು ವರ್ಷ ಆಯಿತು. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಸಮಾಜ ವಿಜ್ಞಾನ ಸುಲಭ, ಬಾಯಿಪಾಠ ಮಾಡಿದರೆ ಮುಗಿಯಿತು ಅನ್ನುವವರಿಗೆ ನಾನು ಮಂಗನ ಕಾಯಿಲೆಯ ಕಥೆ ಹೇಳುತ್ತೇನೆ. ಅದು ನಮ್ಮ ನೆಲದ್ದೇ ಕಥೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಊರಿನ ಜನರಿಗೂ ಜ್ವರ, ರಕ್ತಸ್ರಾವ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಮೊದಲು ಹಳದಿ ಜ್ವರ ಇರಬಹುದು ಅಂತ ಹೆದರಿದ್ದರು. ಕೊನೆಗೆ ಹೊಸ ವೈರಸ್ಸೇ ಸಿಕ್ಕಿತು. ಅದನ್ನು ಹರಡುವುದು ಉಣುಗು ಅಂತ ಗೊತ್ತಾಯಿತು. ಇದು ದೊಡ್ಡ ಕೆಲಸ. ಅದಕ್ಕೆ ಕೈ ಮುಗಿಯುತ್ತೇನೆ.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ವೈರಸ್ ಕಾಡಿನಲ್ಲಿ ಇದ್ದರೂ ಮನುಷ್ಯನ ತನಕ ಬರಲು ಒಂದು ದಾರಿ ಬೇಕು. ಕಾಡು ಕಡಿದು ಗದ್ದೆ ಮಾಡಿದರು. ದನ ಕಾಡಿಗೆ ಹೋಯಿತು. ದನದ ಮೈ ಮೇಲೆ ಉಣುಗು ಹೆಚ್ಚಿತು. 1983ರ ಸುಮಾರಿಗೆ ಬೆಳ್ತಂಗಡಿ ಕಡೆ ಗೇರು ತೋಟಕ್ಕಾಗಿ ಕಾಡು ಕಡಿದಾಗ ಸಾವಿರಕ್ಕೂ ಹೆಚ್ಚು ಜನರಿಗೆ ಕಾಯಿಲೆ ಬಂತು. ಕಾಡು ಕಡಿಯಿರಿ ಅಂತ ಫೈಲಿಗೆ ಸಹಿ ಹಾಕಿದವರು ಒಬ್ಬರು, ಕತ್ತಿ ಹಿಡಿದು ಕಾಡಿಗಿಳಿದವರು ಇನ್ನೊಬ್ಬರು. ಉಣುಗು ಕಚ್ಚುವುದು ಇಳಿದವರನ್ನು. ಯಾರಿಗೆ ಕಾಯಿಲೆ ಬರುತ್ತದೆ, ಯಾಕೆ ಅವರಿಗೇ ಬರುತ್ತದೆ ಅನ್ನುವುದನ್ನು ಯಾವ ಮೈಕ್ರೋಸ್ಕೋಪಿನಲ್ಲಿ ನೋಡುತ್ತೀರಿ?

ನಾನು ಎಂಎ ಮುಗಿಸಿ ಒಂದು ಪ್ರಾಜೆಕ್ಟಿನಲ್ಲಿ ಸರ್ವೆ ಕೆಲಸಕ್ಕೆ ಸೇರಿದ್ದೆ. ಸಾಗರ ತಾಲ್ಲೂಕಿನ ಹಳ್ಳಿಗಳು. ಉಣುಗು ಕಚ್ಚದ ಹಾಗೆ ಮೈಗೆ ಹಚ್ಚಿಕೊಳ್ಳುವ ಎಣ್ಣೆಯನ್ನು ಮನೆ ಮನೆಗೆ ಕೊಟ್ಟಿದ್ದರು. ಜನ ಅದನ್ನು ಬಳಸುತ್ತಾರಾ ಅಂತ ಕೇಳುವುದು ನಮ್ಮ ಕೆಲಸ. ಕೈಯಲ್ಲಿ ಉದ್ದನೆಯ ಪ್ರಶ್ನೆಪಟ್ಟಿ. ಒಂದು ಮನೆಯ ಅಮ್ಮನನ್ನು ಕೇಳಿದೆ, ಕಾಡಿಗೆ ಹೋಗುವಾಗ ಎಣ್ಣೆ ಹಚ್ಕೊಳ್ತೀರಾ? "ಹೂಂ, ದಿನಾ ಹಚ್ಕಳ್ತೀನಿ" ಅಂದರು. ಟಿಕ್ ಹಾಕಿದೆ. ಮುಂದಿನ ಮನೆ. ಅಲ್ಲೂ ಹೂಂ. ಇಡೀ ಕೇರಿಯೇ ಹೂಂ. ಸಂಜೆ ಫಾರಂಗಳನ್ನು ನೋಡಿದರೆ ಎಲ್ಲವೂ ಚೆಂದ. ಎಣ್ಣೆ ಕೊಟ್ಟವರಿಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇಕಿರಲಿಲ್ಲ.

ಮಾರನೇ ದಿನ ಅದೇ ಅಮ್ಮನ ಮನೆಗೆ ಕುಡಿಯುವ ನೀರಿಗೆ ಹೋದೆ. ಅವರು ಅಡಿಕೆ ಸುಲಿಯುತ್ತಿದ್ದರು. ನಾನೂ ಕೂತೆ, ಸುಲಿಯಲು ಬರಲಿಲ್ಲ, ಮಾತಾಡುತ್ತಾ ಕೂತೆ. ತಲೆ ಎತ್ತಿ ನೋಡಿದರೆ ಗೂಡಿನಲ್ಲಿ ಎಣ್ಣೆ ಬಾಟಲಿ. ಸೀಲ್ ಒಡೆದಿರಲಿಲ್ಲ. ಕೇಳಿದೆ. ಅವರಿಗೆ ಒಂಚೂರೂ ಮುಜುಗರ ಆಗಲಿಲ್ಲ. "ಹಚ್ಕಂಡ್ರೆ ಮೈಯೆಲ್ಲ ಅಂಟಂಟು ತಂಗಿ. ಬೆವರಿದ್ರೆ ಕಣ್ಣಿಗಿಳೀತದೆ, ಉರಿ" ಅಂದರು. ಮತ್ತೆ ನಿನ್ನೆ ಯಾಕೆ ಹೂಂ ಅಂದ್ರಿ? "ಇಲ್ಲ ಅಂದಿದ್ರೆ ನಿಂಗೆ ಬೇಜಾರಾಗ್ತಿತ್ತು. ಅಷ್ಟು ದೂರದಿಂದ ಬಂದೀಯಲ್ಲ."

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನನ್ನ ಬ್ಯಾಗಿನಲ್ಲಿದ್ದ ಅಷ್ಟೂ ಫಾರಂ ಕಾಗದವಾಗಿಬಿಟ್ಟಿತ್ತು.

ಥರ್ಮಾಮೀಟರ್ ಡಾಕ್ಟರಿಗೆ ಬೇಜಾರಾಗಬಾರದು ಅಂತ ಜ್ವರ ಕಡಿಮೆ ತೋರಿಸುವುದಿಲ್ಲ. ಉಣುಗು ನೋಡುವವರ ಮುಖ ನೋಡಿ ಕಚ್ಚುವುದಿಲ್ಲ. ಮನುಷ್ಯ ಹಾಗಲ್ಲ. ಕೇಳುವವರು ಯಾರು, ಸರ್ಕಾರದವರಾ, ಯಾವ ಜಾತಿ, ಗಂಡೋ ಹೆಣ್ಣೋ ಎಲ್ಲ ನೋಡಿ ಉತ್ತರ ಕೊಡುತ್ತಾನೆ. ಅದನ್ನೂ ಲೆಕ್ಕಕ್ಕೆ ತಗೊಂಡು ನಿಜ ಹುಡುಕಬೇಕು. ನಾವು ಪಟ್ಟಿ ಪಕ್ಕಕ್ಕಿಟ್ಟೆವು. ಬಾಟಲಿ ತೋರಿಸಿ ಅಂತ ಕೇಳಲು ಶುರು ಮಾಡಿದೆವು. ಎಷ್ಟು ಖಾಲಿಯಾಗಿದೆ ಅಂತ ನೋಡಿದೆವು. ಹೆಂಗಸರ ಜೊತೆ ದರಗು ಗುಡಿಸಲು ಕಾಡಿಗೆ ಹೋದೆವು. ಅಲ್ಲಿ ಇನ್ನೊಂದು ವಿಷಯ ತಿಳಿಯಿತು. ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ. ಒಣಗಿದ ಎಲೆ ಉದುರುವುದೂ ಆಗಲೇ. ಆ ದರಗು ಕೊಟ್ಟಿಗೆಗೆ ಬೇಕು, ಗೊಬ್ಬರಕ್ಕೆ ಬೇಕು, ತೋಟಕ್ಕೆ ಬೇಕು. "ಕಾಡಿಗೆ ಹೋಗಬೇಡಿ" ಅಂತ ಮೈಕಿನಲ್ಲಿ ಕೂಗಿದರೆ ಯಾರು ಕೇಳುತ್ತಾರೆ? ಆ ಮಾತು ಅವರ ಕಿವಿಗೆ "ಕೃಷಿ ಬಿಡಿ" ಅಂತ ಕೇಳಿಸುತ್ತದೆ.

ಇದು ವಿಜ್ಞಾನ ಅಲ್ವಾ? ಒಂದು ಊಹೆ ಇತ್ತು. ಪರೀಕ್ಷೆ ಮಾಡಿದೆವು. ಅಳತೆಗೋಲೇ ತಪ್ಪು ಅಂತ ಗೊತ್ತಾಯಿತು. ಬದಲಾಯಿಸಿದೆವು. ಮತ್ತೆ ಅಳೆದೆವು. ಲ್ಯಾಬಿನಲ್ಲಿ ಮಾಡುವುದೂ ಇದನ್ನೇ.

"ಮುಂದೇನಾಗುತ್ತದೆ ಅಂತ ನೀವು ಹೇಳಲಾರಿರಿ" ಅಂತ ವಿರೋಧ ಬರೆಯುವವರು ಹೇಳುತ್ತಾರೆ, ನನಗೆ ಗೊತ್ತು. ನಾವೇನು ಪಂಚಾಂಗ ಓದುತ್ತಿದ್ದೇವಾ? ಭೂಕಂಪ ಯಾವತ್ತು ಆಗುತ್ತದೆ ಅಂತ ಭೂವಿಜ್ಞಾನಿ ಹೇಳಲಿ ನೋಡೋಣ. ಇನ್ನು ಪ್ರಯೋಗ ಮತ್ತೆ ಮಾಡಿದರೆ ಅದೇ ಫಲಿತಾಂಶ ಬರಬೇಕು ಅನ್ನುವ ಮಾತು. 2012ರಲ್ಲಿ ಒಂದು ದೊಡ್ಡ ಔಷಧ ಕಂಪನಿಯ ವಿಜ್ಞಾನಿಗಳು ಕ್ಯಾನ್ಸರ್ ಬಗೆಗಿನ 53 ಹೆಸರುವಾಸಿ ಸಂಶೋಧನೆಗಳನ್ನು ಮತ್ತೆ ಮಾಡಿ ನೋಡಿದರು. ಸರಿಯಾಗಿ ಬಂದದ್ದು 6. ಅದೆಲ್ಲ ಲ್ಯಾಬಿನಲ್ಲೇ ಮಾಡಿದ್ದು.

1943ರ ಬಂಗಾಳದ ಬರಗಾಲವನ್ನೂ ಇಲ್ಲಿ ನೆನೆಯಬೇಕು. ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಬೆಳೆ ಕಡಿಮೆಯಾದದ್ದಷ್ಟೇ ಕಾರಣ ಅಂತ ಎಲ್ಲರೂ ಅಂದುಕೊಂಡಿದ್ದರು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅಂಕಿ ಅಂಶ ಹಿಡಿದು ಕೂತು ಬೇರೆ ಮಾತು ಹೇಳಿದರು. ಅಕ್ಕಿ ಇತ್ತು, ಕೊಳ್ಳುವ ಶಕ್ತಿ ಕೂಲಿಯವನಿಗೆ ಇರಲಿಲ್ಲ. ಬರಗಾಲವನ್ನು ನೋಡುವ ಕಣ್ಣೇ ಬದಲಾಯಿತು.

ಇನ್ನೂ ಹತ್ತಿರದ್ದು ಬೇಕಾದರೆ ನಮ್ಮ ರಾಜ್ಯದಲ್ಲಿ ಹಿಂದುಳಿದವರು ಯಾರು ಅಂತ ಗುರುತಿಸಿದ ಹಾವನೂರು ಆಯೋಗ. ಮುಖ್ಯಮಂತ್ರಿ ದೇವರಾಜ ಅರಸು ಅವರ ಕಾಲದ್ದು, ವರದಿ ಬಂದದ್ದು 1975ರಲ್ಲಿ. ಅವರು ಹಳ್ಳಿಗಳಲ್ಲಿ ಸರ್ವೆ ಮಾಡಿಸಿದರು. ಯಾವ ಜಾತಿಯ ಎಷ್ಟು ಮಕ್ಕಳು ಎಸ್ಸೆಸ್ಸೆಲ್ಸಿ ದಾಟುತ್ತಿದ್ದಾರೆ ಅಂತ ಲೆಕ್ಕ ತೆಗೆದರು. ಹೌದು, ಅದೇ ಎಸ್ಸೆಸ್ಸೆಲ್ಸಿ. ನಮಗೆ ಅದು ಸೈನ್ಸೋ ಆರ್ಟ್ಸೋ ಅಂತ ಹೇಳುವ ಕಾಗದ. ಅವರಿಗೆ ಅದರಲ್ಲಿ ಒಂದು ಇಡೀ ನಾಡು ಕಂಡಿತು. ನಾನು ಓದಿದ್ದು ಹಿಂದುಳಿದ ವರ್ಗಗಳ ಹಾಸ್ಟೆಲಿನಲ್ಲಿ. ಒಂದು ರೂಮಿಗೆ ಎಂಟು ಜನ ಇದ್ದೆವು. ಎಂಟೂ ಜನರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ನಾವೇ ಮೊದಲು.

ವಿರೋಧ: ಮೊದಲೇ ಹೇಳಿ ಆಮೇಲೆ ತೋರಿಸಬೇಕು

ಈ ಕಡೆ ನಿಂತು ಬರೆಯಿರಿ ಅಂತ ನನ್ನನ್ನು ಕೇಳಿದ್ದಾರೆ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡಿದ್ದೇನೆ, ಅದಕ್ಕೆ ಇರಬೇಕು. ಪೂರ್ತಿ ವಿರೋಧ ನನ್ನಲ್ಲಿ ಇಲ್ಲ. ಸಮಾಜಶಾಸ್ತ್ರ ಬೇಡ ಅನ್ನುವವನು ನಾನಲ್ಲ. ಎರಡೂ ಒಂದೇ ತೂಕದ ಜ್ಞಾನ ಅಂದರೆ ಮಾತ್ರ ಒಪ್ಪುವುದು ಕಷ್ಟ.

ಕಾರಣ ಒಂದೇ. ಮೊದಲೇ ಹೇಳಬೇಕು, ಆಮೇಲೆ ಹಾಗೇ ಆಗಬೇಕು. ಎಡ್ಮಂಡ್ ಹ್ಯಾಲಿ ಒಂದು ಧೂಮಕೇತುವಿನ ಲೆಕ್ಕ ಹಾಕಿ 1758ರಲ್ಲಿ ಅದು ಮತ್ತೆ ಬರುತ್ತದೆ ಅಂದ. ಅವನು ತೀರಿಹೋದದ್ದು 1742ರಲ್ಲಿ. 1758ರ ಡಿಸೆಂಬರ್ 25ರಂದು ಧೂಮಕೇತು ಕಾಣಿಸಿತು. ಹೇಳಿದವನು ಇಲ್ಲದಿದ್ದರೂ ಮಾತು ನಿಂತಿತು. ಬೀದರಿನ ಹುಡುಗ ಲೋಲಕ ತೂಗಿಸಿ ಭೂಮಿಯ ಗುರುತ್ವ ವೇಗೋತ್ಕರ್ಷದ ಲೆಕ್ಕ ಹಾಕಲಿ, ಕಾರವಾರದ ಹುಡುಗಿ ಹಾಕಲಿ, 9.8ರ ಆಸುಪಾಸೇ ಬರುತ್ತದೆ. ಲೋಲಕಕ್ಕೆ ಊರಿಲ್ಲ, ಜಾತಿಯಿಲ್ಲ.

ಸಮಾಜ ವಿಜ್ಞಾನದಲ್ಲಿ ಈ ಧೈರ್ಯ ಎಲ್ಲಿದೆ? 2008ರಲ್ಲಿ ಜಗತ್ತಿನ ಬ್ಯಾಂಕುಗಳು ಕುಸಿದಾಗ ಬ್ರಿಟನ್ನಿನ ರಾಣಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಹೋಗಿದ್ದರು. ಇದು ಯಾರಿಗೂ ಯಾಕೆ ಮೊದಲೇ ಗೊತ್ತಾಗಲಿಲ್ಲ ಅಂತ ಕೇಳಿದರು. ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರು ಇದ್ದ ಜಾಗ ಅದು. ಆಮೇಲೆ 2015ರಲ್ಲಿ ಮನಃಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೊದಲಿನ ಹಾಗೆ ಗಟ್ಟಿ ಫಲಿತಾಂಶ ಬಂದದ್ದು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಬಗ್ಗೆ ನನಗೆ ತುಂಬಾ ಗೌರವ. 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಇದ್ದು ಅಧ್ಯಯನ ಮಾಡಿದರು. ಆ ಹಳ್ಳಿಗೆ ರಾಂಪುರ ಅಂತ ಹೆಸರಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರು ಸಿದ್ಧಪಡಿಸಿದ್ದ ಟಿಪ್ಪಣಿಗಳೆಲ್ಲ ಸುಟ್ಟುಹೋದವು. ಆಮೇಲೆ ಅವರು ನೆನಪಿನಿಂದ ಪುಸ್ತಕ ಬರೆದರು. ಓದಿದರೆ ಹಳ್ಳಿ ಕಣ್ಣ ಮುಂದೆ ಬರುತ್ತದೆ. ಆದರೆ ಯೋಚನೆ ಮಾಡಿ. ರಾಮನ್ ಅವರ ಲ್ಯಾಬ್ ಸುಟ್ಟಿದ್ದರೆ ಜಗತ್ತಿನ ಇನ್ಯಾವುದೋ ಲ್ಯಾಬಿನಲ್ಲಿ ಅದೇ ಬೆಳಕನ್ನು ಅದೇ ದ್ರವದ ಮೂಲಕ ಹಾಯಿಸಿ ನೋಡಬಹುದಿತ್ತು. 1948ರ ರಾಂಪುರಕ್ಕೆ ಮತ್ತೆ ಯಾರೂ ಹೋಗಲಾರರು. ಒಬ್ಬರ ನೆನಪನ್ನು ನಂಬಬೇಕು, ಬೇರೆ ದಾರಿ ಇಲ್ಲ.

ಹಳ್ಳಿಯಲ್ಲಿ ಕೂತು ಜನರ ಜೊತೆ ಮಾತಾಡಿ ಒಳಗುಟ್ಟು ತಿಳಿದುಕೊಳ್ಳುವುದೇ ವಿಜ್ಞಾನ ಅನ್ನುವುದಾದರೆ ಊರಿನ ಶಾನುಭೋಗರಿಗೆ, ಸೂಲಗಿತ್ತಿಗೆ ಅದೆಲ್ಲ ಗೊತ್ತಿತ್ತು. ಅದು ತಿಳಿವಳಿಕೆ, ಬೆಲೆಯುಳ್ಳ ತಿಳಿವಳಿಕೆ. ಅದಕ್ಕೆ ವಿಜ್ಞಾನ ಅನ್ನುವ ಹೆಸರೇ ಬೇಕು ಅಂತ ಯಾಕೆ ಹಟ?

2019ರ ಡಿಸೆಂಬರ್ 26ರ ಕಂಕಣ ಗ್ರಹಣ ನೆನಪಿದೆಯಾ? ನಾನು ಸೆಕೆಂಡ್ ಪಿಯು ಮಕ್ಕಳನ್ನು ಮಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ರಾತ್ರಿಯಿಡೀ ಬಸ್ಸು. ಒಬ್ಬ ಹುಡುಗ ದಾರಿಯುದ್ದಕ್ಕೂ "ಸರ್, ಹೇಳಿದ ಟೈಮಿಗೆ ಆಗದಿದ್ರೆ?" ಅಂತ ಕೇಳುತ್ತಲೇ ಇದ್ದ. ಆಗುತ್ತೆ ಕಣೋ, ಸುಮ್ನೆ ಮಲ್ಕೋ ಅಂದೆ. ಬೆಳಿಗ್ಗೆ ಕಡಲ ಹತ್ತಿರ ನಿಂತೆವು. ಎಲ್ಲರ ಕೈಯಲ್ಲೂ ಗ್ರಹಣದ ಕನ್ನಡಕ. ಬಿಸಿಲು ತೆಳುವಾಯಿತು. ತಣ್ಣಗೆ ಗಾಳಿ. ಆ ಹುಡುಗ ವಾಚ್ ಹಿಡಿದು ಸೆಕೆಂಡ್ ಎಣಿಸುತ್ತಿದ್ದ. ಒಂಬತ್ತೂವರೆಗೆ ಇನ್ನೂ ಕೆಲವು ನಿಮಿಷ ಇರುವಾಗ ಸೂರ್ಯ ಬಳೆಯಾದ. ಹುಡುಗ ವಾಚನ್ನೇ ನೋಡುತ್ತಿದ್ದವನು ತಲೆ ಎತ್ತಿದ, ಜೋರಾಗಿ ಕೂಗಿದ. ಮಕ್ಕಳೆಲ್ಲ ಕೂಗಿದರು. ನನ್ನ ಕಣ್ಣಲ್ಲಿ ನೀರು.

ಆಮೇಲೆ ತಿಂಡಿಗೆ ಅಂತ ಪೇಟೆಯೊಳಗೆ ನಡೆದೆವು. ಎಷ್ಟೋ ಬಾಗಿಲುಗಳು ಮುಚ್ಚಿದ್ದವು. ಹೋಟೆಲಿನಲ್ಲಿ ಗ್ರಹಣ ಬಿಡುವ ತನಕ ಒಲೆ ಹಚ್ಚಲ್ಲ ಅಂದರು. ಅದೇ ಹುಡುಗ ಕೇಳಿದ, "ಸರ್, ಟೈಮು ಸೆಕೆಂಡ್ ಸಮೇತ ಗೊತ್ತಿದ್ರೂ ಇವ್ರು ಯಾಕೆ ಹೊರಗೆ ಬರಲಿಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾಳೆಹಣ್ಣು ಕೊಂಡು ಎಲ್ಲರಿಗೂ ಹಂಚಿದೆ, ಬಸ್ಸಿನ ಕಡೆ ನಡೆದೆವು.